ಎಣಿಕೆ

ಸೊಹಾರ್ ಬಂದರಿನಲ್ಲಿ ಹನ್ನೊಂದು ವರ್ಷದಿಂದ
ಕಂಟೈನರ್ ಎಣಿಸುತ್ತೇನೆ.
ಮುಷ್ಟಿಯೊಳಗೆ ಕೂರುವ ಉಕ್ಕಿನ ಡಬ್ಬಿ, ಒತ್ತಿದರೆ ಟಿಕ್,
ಒಂದು ಅಂಕಿ ಮುಂದಕ್ಕೆ.
ಹಡಗಿನ ಹೆಸರು ಮರೆತೇನು, ಲೆಕ್ಕ ತಪ್ಪೆನು.

ಶುಕ್ರವಾರ ಬೆಳಿಗ್ಗೆ ಅದೇ ಡಬ್ಬಿ ಜೇಬಿನಲ್ಲಿ,
ಶಾಲೆಯ ಮೈದಾನದ ತಂತಿಬೇಲಿಗೆ ಒರಗಿ ನಾನು.
ಹುಲ್ಲೆಂಬುದಿಲ್ಲ; ಜಲ್ಲಿ, ನಡುವೆ ಸಿಮೆಂಟು,
ಅದರ ಮೇಲೆ ಅಂಚಿಗೆ ಮೊಳೆ ಹೊಡೆದು ಬಿಗಿದ ಹಸಿರು ಚಾಪೆ.
ಸಫೂರಾ ಓಡಿ ಬರುತ್ತಾಳೆ,
ಹದಿನಾಲ್ಕು ಹೆಜ್ಜೆ, ಒಂದು ಜಿಗಿತ,
ಎಡಗಾಲು ಸಿಮೆಂಟಿಗೆ ಬಿದ್ದ ಸದ್ದು
ನನ್ನ ಸೊಂಟದಲ್ಲಿ ಕೇಳುತ್ತದೆ.
ಟಿಕ್.

ಹದಿನೈದು ವರ್ಷದ ಹುಡುಗಿ. ಐವತ್ತನಾಲ್ಕು, ಅರುವತ್ತು,
ಎಪ್ಪತ್ತೆರಡು.
"ಇನ್ನೊಂದು ಓವರ್" ಎನ್ನುತ್ತಾರೆ ಗಮಗೆ ಸರ್,
ಗಾಲೆ ಕಡೆಯವರು, ದನಿ ಎತ್ತದವರು.
ದನಿ ಎತ್ತದವರ ಜೊತೆ ಜಗಳ ಆಡುವುದು ಹೇಗೆಂದು
ನಮ್ಮ ಉಳ್ಳಾಲದಲ್ಲಿ ಯಾರೂ ಕಲಿಸಿರಲಿಲ್ಲ.

ಮೊದಲ ಸಲ ಹೋದಾಗ ಖರ್ಜೂರದ ಪೆಟ್ಟಿಗೆ ಒಯ್ದೆ.
ಎರಡನೇ ಸಲ ಡಾಕ್ಟರ ಚೀಟಿ.
ಮೂರನೇ ಸಲ ಕೈ ಬೀಸಿಕೊಂಡು, ಬಾಯಿ ತುಂಬಿಕೊಂಡು.
"ಬೌಲ್ ಮಾಡಿ ಮಾಡಿಯೇ ಬೆನ್ನು ಗಟ್ಟಿಯಾಗುವುದು," ಅಂದರು.
"ಗಟ್ಟಿಯಾಗುವ ಮೊದಲೇ ಮುರಿದರೆ?" ಅಂದೆ.
ಅವರು ಸುಣ್ಣದ ಗೆರೆ ತೋರಿಸಿದರು:
"ಇದರಾಚೆ ನೀವು ಅಪ್ಪ. ಈಚೆ ಬಂದರೆ ಯಾರೂ ಅಲ್ಲ."
ಸುಣ್ಣ ಚಪ್ಪಲಿಗೆ ಹತ್ತಿತ್ತು.
ಮನೆಯ ಮೆಟ್ಟಿಲವರೆಗೂ ಬಿಳಿ ಹೆಜ್ಜೆ.

ರಾತ್ರಿ ಮೈಮೂನಾ ಅವಳ ಬೆನ್ನಿಗೆ ಎಣ್ಣೆ ತಿಕ್ಕುವಾಗ
ನಾನು ಪ್ರಿನ್ಸಿಪಾಲರಿಗೆ ಕಾಗದ ಬರೆಯುತ್ತಿದ್ದೆ:
ದಿನಾಂಕ, ಓವರು, ಎಸೆತ, ಮೊತ್ತ,
ಬಂದರಿನ ರಿಜಿಸ್ಟರಿನ ಹಾಗೆ ಕಾಲಂ ಎಳೆದು.
ಸಫೂರಾ ಬೋರಲು ಮಲಗಿದ್ದಲ್ಲಿಂದಲೇ ಕೇಳಿದಳು:
"ಉಪ್ಪಾ, ಮೂವತ್ತೊಂದನೇ ಬಾಲ್ ಎತ್ತ ತಿರುಗಿತು?"

ನನಗೆ ಗೊತ್ತಿರಲಿಲ್ಲ.

"ಒಳಕ್ಕೆ. ಚಾಪೆಯ ಹೊಲಿಗೆಗೆ ಬಡಿದು, ಒಳಕ್ಕೆ.
ಸರ್ ನೋಡಿದರು. ಅವರೊಬ್ಬರೇ ನೋಡಿದ್ದು."
ಆಮೇಲೆ, ದಿಂಬಿನಲ್ಲಿ ಮುಖವಿಟ್ಟು:
"ನೋವಿರುವುದು ನಿಜ. ಅದನ್ನು ನಾನೇ ಹೇಳುತ್ತೇನೆ.
ನೀವಿಬ್ಬರೂ ನನ್ನ ಬೆನ್ನಿನ ಮೇಲೆ ನಿಂತು ಮಾತಾಡಬೇಡಿ."

ಕಾಗದ ಹರಿಯಲಿಲ್ಲ. ಮಡಚಿ ಕಾರಿನಲ್ಲಿಟ್ಟೆ.
ಈಗಲೂ ಇದೆ.

ಮುಂದಿನ ವಾರ ಮಸ್ಕತ್ತಿನ ಶಾಲೆಯ ಎದುರು ಪಂದ್ಯ.
ಕಡಲ ಕಡೆಯಿಂದ ಒದ್ದೆ ಬನಿಯನ್ನಿನಂಥ ಗಾಳಿ.
ಡಬ್ಬಿಯನ್ನು ಮನೆಯಲ್ಲೇ ಬಿಟ್ಟಿದ್ದೆ;
ಹೆಬ್ಬೆರಳು ಕೇಳಲಿಲ್ಲ, ಖಾಲಿ ಜೇಬಿನಲ್ಲಿ ಒತ್ತುತ್ತಲೇ ಇತ್ತು.
ಐದನೇ ಓವರ್ ಮುಗಿಸಿ ಅವಳು
ಸರ್ ನಿಂತಲ್ಲಿಗೆ ನಡೆದಳು.
ಏನೋ ಹೇಳಿದಳು. ಅವರೇನೋ ಅಂದರು.
ತಲೆ ಅಲ್ಲಾಡಿಸಿದಳು, ಹೌದಕ್ಕೋ ಅಲ್ಲಕ್ಕೋ
ಅಷ್ಟು ದೂರದಿಂದ ತಿಳಿಯಲಿಲ್ಲ.
ನನ್ನ ಚಪ್ಪಲಿಯ ತುದಿ ಗೆರೆಯವರೆಗೆ ಹೋಗಿ ನಿಂತಿತ್ತು.

ಚೆಂಡು ಬೇರೆ ಹುಡುಗಿಯ ಕೈಗೆ ಹೋಯಿತು.
ಮೂರು ರನ್ನಿನಿಂದ ಸೋತೆವು.

ಎಲ್ಲರೂ ಬಸ್ಸು ಹತ್ತಿದ ಮೇಲೆ ಗಮಗೆ ಸರ್
ಒಬ್ಬರೇ ಚಾಪೆ ಸುತ್ತುತ್ತಿದ್ದರು, ಅದು ಓರೆಯಾಗುತ್ತಿತ್ತು.
ಗೆರೆ ದಾಟಿ ಹೋಗಿ ಇನ್ನೊಂದು ಅಂಚು ಹಿಡಿದೆ.
ಅವರು ಬೇಡವೆನ್ನಲಿಲ್ಲ, ನೋಡಲೂ ಇಲ್ಲ.
ಅರ್ಧ ಸುತ್ತಿದಾಗ, ಅದೇ ಮೆಲುದನಿಯಲ್ಲಿ,
"ಬಗ್ಗುವಾಗ ಬೆನ್ನು ಜೋಪಾನ," ಅಂದರು.
ಕುಚೋದ್ಯವೋ ಏನೋ.
ನನ್ನ ಕೈಯಲ್ಲಿ ಕಿತ್ತ ಮೊಳೆಗಳಿದ್ದವು,
ಇಪ್ಪತ್ತೆರಡು.