ಅರದ ಚೂರು

ಕಲ್ಲು ಇತ್ತು. ಗೋಬಿಯ ಒಣ ಹೊಳೆಪಾತ್ರದ್ದು,
ಹಳೇ ಬೆಣ್ಣೆಯ ಬಣ್ಣ, ಕುರಿಮರಿಯ ಗೊರಸಿನಷ್ಟು.
ಉಕ್ಕು ಇರಲಿಲ್ಲ.

ಅಪ್ಪ ಜಿಗ್ಜಿದ್ ಸೊಂಟಕ್ಕೆ ತೂಗಿಸುತ್ತಿದ್ದ ಚಕಮಕಿ:
ತೊಗಲ ಚೀಲ, ಅಂಚಿಗೆ ಅರ್ಧಚಂದ್ರದ ಉಕ್ಕು,
ಮೈಮೇಲೆ ಬೆಳ್ಳಿಯ ಎರಡು ಮೀನು.
ಅಪ್ಪನಿಗಿಂತ ಮೊದಲು ಅದರ ಸದ್ದು
ಗುಡಾರದೊಳಕ್ಕೆ ಬರುತ್ತಿತ್ತು. ಕಿಣಿ, ಕಿಣಿ.
ಮಲಗಿದ್ದಲ್ಲೇ ನಾಯಿ ಬಾಲದಿಂದ ನೆಲ ಬಡಿಯುತ್ತಿತ್ತು.

ಒಲೆ ಕೊನೆಯ ಮಗನದು ಎನ್ನುತ್ತಾರೆ ನಮ್ಮಲ್ಲಿ.
ದೊಡ್ಡವರು ಕುದುರೆ ಹೊಡೆದುಕೊಂಡು ಹೋಗುತ್ತಾರೆ,
ಕುರಿ ಎಣಿಸಿಕೊಂಡು ಹೋಗುತ್ತಾರೆ,
ಬೆಂಕಿ ಮಾತ್ರ ಕಿರಿಯವನ ಪಾಲು.
ಕಿರಿಯವಳು ನಾನು.
ಅದಕ್ಕೆ ಯಾರೂ ಗಾದೆ ಕಟ್ಟಿರಲಿಲ್ಲ.
ಚಕಮಕಿ ಅಣ್ಣ ಶಾಗ್ದರನ ಪಾಲಾಯಿತು,
ಅವನಿಂದ ಉಲಾನ್‌ಬಾತರದ ಅಂಗಡಿಯೊಂದರ ಗಾಜಿನ ಪೆಟ್ಟಿಗೆಗೆ,
ಅಲ್ಲಿಂದ ಅವನ ಚೀನೀ ಬೈಕಿನ ಹಿಂದಿನ ಚಕ್ರಕ್ಕೆ.
(ಮುಂದಿನ ಚಕ್ರ ಸಾಲ.)

ನಾನೇನೂ ಅನ್ನಲಿಲ್ಲ.
ಪೇಟೆಯಲ್ಲಿ ಬಣ್ಣಬಣ್ಣದ ಲೈಟರುಗಳಿದ್ದವು,
ಚಹಾದ ಇಟ್ಟಿಗೆ ಕೊಂಡರೆ ಒಂದು ಪುಕ್ಕಟೆ.

ಚಳಿಗಾಲವನ್ನು ನಾವು ಒಂಬತ್ತೊಂಬತ್ತು ದಿನವಾಗಿ ಎಣಿಸುತ್ತೇವೆ.
ಅದು ಮೂರನೆಯ ಒಂಬತ್ತು,
ಮೂರು ವರ್ಷದ ಎತ್ತಿನ ಕೊಂಬು ಹೆಪ್ಪುಗಟ್ಟುವಂಥದ್ದು.
ಬಿರುಗಾಳಿ ಹೊಗೆಗಂಡಿಯ ಮುಚ್ಚಳ ಕಿತ್ತು
ಹಿಮ ಸುರಿದು ಒಲೆಯ ಬಾಯಿಗೆ ಮಣ್ಣು ಹಾಕಿತ್ತು.
ಬಾಗಿಲಲ್ಲಿ ಅಣ್ಣ. ಮೀಸೆ ಗಾಜು.
ಬೈಕು ಎಲ್ಲೋ ದಿಬ್ಬದಡಿ ಸತ್ತಿದೆಯಂತೆ,
ಬೆರಳು ಹತ್ತಕ್ಕೆ ಹತ್ತೂ ಮೇಣ.

ಲೈಟರಿನ ಹೊಟ್ಟೆಯಲ್ಲಿ ಅನಿಲ ನೀರಾಗಿ ಮಲಗಿತ್ತು.
ಗಾಲಿ ತಿರುಗಿತು, ಕಿಡಿ ಬಂತು, ಉರಿ ಬರಲಿಲ್ಲ.
ಕಂಕುಳಲ್ಲಿಟ್ಟು ಬಿಸಿಮಾಡಬಹುದಿತ್ತು.
ನನ್ನ ಕಂಕುಳಲ್ಲಿ ಆಗಲೇ
ಅಣ್ಣನ ಎರಡೂ ಕೈ ಇದ್ದವು,
ಚಿಕ್ಕಂದಿನಲ್ಲಿ ಒಂದೇ ಕುದುರೆಯ ಮೇಲೆ
ನಾನು ಮುಂದೆ ಅವನು ಹಿಂದೆ ಕೂತ ಹಾಗೆ.

ದನದ ಡಾಕ್ಟರು ನಾನು. ಪೆಟ್ಟಿಗೆ ತಡಕಿದೆ:
ಸೂಜಿ, ಚುಚ್ಚುಮದ್ದಿನ ಸೀಸೆ (ಕಲ್ಲಾಗಿದೆ),
ಬೇಸಗೆಯಲ್ಲಿ ಒಂದು ಕಂದು ಕುದುರೆ
ಒದ್ದು ಮುರಿದ ಗೊರಸಿನ ಅರ,
ಅದರ ಗೇಣುದ್ದದ ಚೂರು.

ಹೊಡೆದೆ. ಉಗುರು ಹೋಯಿತು.
ಹೊಡೆದೆ. ಕಲ್ಲಿನ ಚಕ್ಕೆ ಕತ್ತಲಿಗೆ ಹಾರಿತು.
ಹೊಡೀಬೇಡವೇ, ಸವರು.
ಕಲ್ಲಿಗೆ ಉಕ್ಕಿನ ಮೇಲೆ ಸಿಟ್ಟಿಲ್ಲ, ಹಸಿವು.
ಕೂದಲೆಳೆಯಷ್ಟು ಕಚ್ಚಿ ಉಗುಳುತ್ತದೆ;
ಉರಿಯೋದು ಕಲ್ಲಲ್ಲ, ಆ ಎಂಜಲು.
ಅಪ್ಪ ಇದನ್ನು ಹೇಳಿದ್ದು ಅಣ್ಣನಿಗೆ.
ನಾನು ಅಲ್ಲೇ ಕೂತು ಚಹಾ ಸೋಸುತ್ತಿದ್ದೆ.

ಬೆಟ್ಟದ ಬಿಳಿಹೂವಿನ ತುಪ್ಪುಳೆಲೆ,
ಅವ್ವ ಬೂದಿ ಹಾಕಿ ಹೊಸೆದು ಇಟ್ಟಿದ್ದು,
ಅದರ ಮೇಲೆ ಬಿತ್ತು ಒಂದು ಚುಕ್ಕೆ.
ಸಾಸಿವೆಯಷ್ಟು. ಉರಿಯಿಲ್ಲ, ಸದ್ದಿಲ್ಲ,
ಕೆಂಪು ಹುಳದ ಹಾಗೆ ಅಂಚು ತಿನ್ನುತ್ತ ಹೊರಟಿತು.
ಉಸಿರು ಬಿಡಲು ಹೆದರಿ ಉಸಿರು ಬಿಟ್ಟೆ.
ಬೆನ್ನ ಹಿಂದೆ ಅಣ್ಣನೂ ಬಿಟ್ಟ, ನನ್ನ ಕಿವಿಯ ಪಕ್ಕದಿಂದ.
ಕುದುರೆಲದ್ದಿಯ ಪುಡಿ, ಆಮೇಲೆ ಒಣಗಿದ ಸೆಗಣಿ,
ಆಮೇಲೆ ಹೊಗೆ, ಕೆಮ್ಮು, ಬೈಗುಳ,
ಆಮೇಲೆ ಇಬ್ಬರ ನೆರಳೂ ಗೋಡೆಯ ಮೇಲೆ.

ಮೊದಲ ಗುಟುಕು ಒಲೆಗೆ ಚೆಲ್ಲಿದೆ.
ಅಣ್ಣ ಬೆಂಕಿಯತ್ತ ಕಾಲು ಚಾಚಿದ.
ನಮ್ಮಲ್ಲಿ ಅದು ತಪ್ಪು; ದೊಡ್ಡ ತಪ್ಪು.
ನೋಡದವಳ ಹಾಗೆ ಉಪ್ಪು ಹುಡುಕಿದೆ.
“ಆ ಮೀನುಗಳು...” ಎಂದು ಶುರುಮಾಡಿದ.
“ಚಹಾ ಆರುತ್ತೆ” ಎಂದೆ.

ಈಗ ಅರದ ಚೂರು ನನ್ನ ಸೊಂಟದಲ್ಲಿದೆ,
ಕುರಿಕರುಳಿನ ದಾರದಲ್ಲಿ.
ಅದು ಯಾವುದಕ್ಕೂ ತಾಗಿ ಕಿಣಿ ಎನ್ನುವುದಿಲ್ಲ.
ನಾನು ಬಂದದ್ದನ್ನು ನಾಯಿ
ಇವತ್ತಿಗೂ ಮೂಸಿಯೇ ತಿಳಿಯಬೇಕು.