ಮಂಡಕ್ಕಿ ಗಾಡಿಯ ಕ್ಲಚ್ಚು

ಕಾಲಿಟ್ಟೆ, ಹೋಯಿತು ನೆಲಕ್ಕೆ.
ಮೇಲೆ ಬರಲಿಲ್ಲ.
ಚಪ್ಪಲಿಯ ತುದಿಯಿಂದ ಎತ್ತಿ ನಿಲ್ಲಿಸಿದೆ,
ಮದುವೆಮನೆಯಲ್ಲಿ ಕುಡಿದು ಬಿದ್ದ ಷಡ್ಡಕನನ್ನು
ಕುರ್ಚಿಗೆ ಕೂರಿಸುವ ಹಾಗೆ.
ಒತ್ತಿದೆ. ಮತ್ತೆ ಮಲಗಿತು.

ಬೆಳಗಿನ ನಾಲ್ಕು ಗಂಟೆ. ದಾವಣಗೆರೆಯ ಭಟ್ಟಿ ಸಾಲಿನಲ್ಲಿ
ಹೊಟ್ಟಿನ ಹೊಗೆಗಷ್ಟೇ ಎಚ್ಚರ.
ಬೆನ್ನ ಹಿಂದೆ ಎಂಬತ್ತು ಚೀಲ ಮಂಡಕ್ಕಿ,
ಹಗ್ಗ ಬಿಗಿದು ಮನೆಯೆತ್ತರ.
ದುರ್ಗದ ಅಂಗಡಿಗಳು ಆರಕ್ಕೆ ಬಾಗಿಲು ತೆಗೆಯುತ್ತವೆ.

ನಿನ್ನೆ ಸಂಜೆ ತಾನೇ ಗ್ಯಾರೇಜಿನಿಂದ ಬಂದ ಗಾಡಿ.
ಹೊಸ ಪ್ಲೇಟು, ಹೊಸ ಬೇರಿಂಗು,
ಆರು ಸಾವಿರದ ಎಂಟುನೂರು.
ಎಂಟುನೂರು ಆಮೇಲೆ ಎಂದಿದ್ದೆ.
ಅದಕ್ಕೇ ಖಾಜಾಹುಸೇನ್
ಎಂಟುನೂರು ರೂಪಾಯಿಯಷ್ಟು ಕೆಲಸ
ಬಾಕಿ ಇಟ್ಟುಕೊಂಡನೇ?

ಡಬ್ಬಿಯ ಮುಚ್ಚಳ ತಿರುಗಿಸಿ ಮೊಬೈಲಿನ ಬೆಳಕು ಬಿಟ್ಟೆ.
ಆಯಿಲ್ ಗೆರೆ ಮುಟ್ಟಿದೆ.
ಕೆಳಗೆ ನುಸುಳಿ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿ
ಬೆರಳಾಡಿಸಿದೆ. ಒಣಗಿದೆ.
ಪೈಪಿನ ಕೀಲೂ ಒಣ.
ಹಾಗಾದರೆ ನನ್ನ ಕಾಲಿನ ಬಲ
ಯಾರ ಮನೆ ಸೇರುತ್ತಿದೆ?

ಪಟಪಟ ತುಳಿದೆ. ಏಳನೆಯದಕ್ಕೆ ಕೊಂಚ ಬಿಗಿ.
ಗೇರು ಬಿತ್ತು, ಕರಕರ ಹಲ್ಲು ಕಡಿದು.
ಒಂದು ನಿಮಿಷ ಬಿಟ್ಟೆ ನೋಡು, ಮತ್ತೆ ಮೆತ್ತಗೆ,
ನೆನೆಸಿಟ್ಟ ಮಂಡಕ್ಕಿ ತುಳಿದ ಹಾಗೆ.

ಸೆರಗಿಗೆ ಕೈ ಒರೆಸುತ್ತ ತಿಪ್ಪಮ್ಮ ಬಂದಳು,
ಇಪ್ಪತ್ತು ವರ್ಷ ಕಾದ ಮರಳಿನಲ್ಲಿ ಅಕ್ಕಿ ತಿರುವಿದವಳು.
"ಏನಾತೋ?"
"ಹೊರಗೇನೂ ಸೋರ್ತಿಲ್ಲಕ್ಕ. ಒಳಗೆ ಒತ್ತಡ ನಿಲ್ತಿಲ್ಲ."
"ಹಂಗಾರೆ ಗಾಳಿ ಹೊಕ್ಕೈತಿ ಬಿಡು."
ನನಗೆ ನಗು ಬಂತು.
"ನಗ್ತೀಯಾ? ಗಾಳಿ ವಿಷ್ಯ ನನಗೆ ಹೇಳ್ಕೊಡ್ತೀಯಾ ನೀನು?
ಕಾಳಿಗೆ ಅದನ್ನ ತುಂಬೇ ನನ್ನ ಹೊಟ್ಟೆ ತುಂಬೋದು."

ಎಂಟರ ಸ್ಪ್ಯಾನರ್, ಒಂದು ಗೇಣು ಸಲೈನ್ ಪೈಪು,
ಸೋಡಾ ಬಾಟಲಿಯ ತಳದಲ್ಲಿ ಎರಡು ಬೆರಳು ಆಯಿಲ್.
ತುಳಿಯಲು ಒಂದು ಕಾಲು ಬೇಕಿತ್ತು.
ಈ ಗಾಡಿಗೆ ಎಷ್ಟು ಸಾವಿರ ಚೀಲ ಹೊತ್ತು ಹಾಕಿದ್ದಾಳೋ,
ಮುಂದಿನ ಸೀಟಿಗೆ ಹತ್ತಿದ್ದು ಇವತ್ತೇ.
ನಿಂತ ಗಾಡಿಯ ಸ್ಟೀರಿಂಗನ್ನು
ಎರಡೂ ಕೈಯಲ್ಲಿ ಭದ್ರ ಹಿಡಿದಳು.

"ಒತ್ತಕ್ಕ."
"ಒತ್ತೀನಿ."
"ಹಂಗೇ ಹಿಡ್ಕೋ."
ಕಾಲು ಸುತ್ತು ಸಡಿಲಿಸಿದೆ. ಬುಳ್.
ಬಿಗಿದೆ. "ಈಗ ಬಿಡು."
ಐದು ಸಲಕ್ಕೊಮ್ಮೆ ಎದ್ದು ಡಬ್ಬಿ ತುಂಬಿಸಿದೆ,
ಅದು ಬರಿದಾದರೆ ಗಾಳಿಗೆ ನಾನೇ ಬಾಗಿಲು ತೆಗೆದಂತೆ.

ಗಾಡಿಯಡಿ ಅಂಗಾತ ಮಲಗಿದಾಗ ನೆನಪಾಯಿತು:
ನಿನ್ನೆ ನಾನು ಅವನಿಗೆ ಏಳು ಸಲ ಫೋನು ಮಾಡಿದ್ದೆ.
"ಪೆಡಲ್ ತುಳಿಯೋ ಹುಡುಗ ಮನೆಗೆ ಹೋದ,
ಗಾಳಿ ಪೂರಾ ತೆಗೆದಿಲ್ಲ, ಒಂದು ತಾಸು ತಡಿ ಅಣ್ಣ" ಅಂದಿದ್ದ.
"ನಡೀತೈತಿ ಬಿಡೋ" ಅಂದವನು ನಾನು.
ಮೊಳೆಯಿಂದ ಕೀಲಿ ಕಿತ್ತುಕೊಂಡವನೂ.
ಬೈಯಲು ಕೂಡಿಟ್ಟ ಮಾತೆಲ್ಲ
ಸಣ್ಣ ಪೈಪಿನಲ್ಲಿ ಗುಳ್ಳೆ ಗುಳ್ಳೆಯಾಗಿ ಇಳಿದು
ಬಾಟಲಿಯಲ್ಲಿ ಒಡೆಯಿತು.

ವಿಚಿತ್ರ ನೋಡು.
ಅಕ್ಕಿಯೊಳಗೆ ಗಾಳಿ ಹೊಕ್ಕರೆ ಸೇರಿನ ಲೆಕ್ಕ, ವ್ಯಾಪಾರ.
ಬೆರಳು ದಪ್ಪದ ಪೈಪಿಗೆ ಹೊಕ್ಕರೆ
ಎಂಬತ್ತು ಚೀಲ ಗಾಳಿ
ನಿಂತಲ್ಲೇ ನಿಲ್ಲುತ್ತದೆ.

ಗುಳ್ಳೆ ಸಣ್ಣದಾದವು, ಸಾಸಿವೆಯಾದವು,
ಆಮೇಲೆ ಬರೀ ಆಯಿಲ್, ದಾರ ಎಳೆದಂತೆ.
"ಈಗ ಕಾಲನ್ನೇ ತಳ್ತೈತಲ್ಲೋ ಇದು!"
ಮೇಲಿನಿಂದ ತಿಪ್ಪಮ್ಮನ ದನಿ.
ನಟ್ಟು ಬಿಗಿದು ರಬ್ಬರ್ ಟೋಪಿ ಹಾಕಿದೆ.
ಬೂದಿ ಮೆತ್ತಿದ, ಹಿಮ್ಮಡಿ ಒಡೆದ ಆ ಕಾಲು
ಇನ್ನೂ ಪೆಡಲಿನ ಮೇಲೇ ಇತ್ತು.

"ಇನ್ನೊಂದು ಸಲ ಒತ್ತಲೇನು?"

ಸಾಕು ಎನ್ನಬಹುದಿತ್ತು.
ಆನಗೋಡು, ಭರಮಸಾಗರ, ದಾರಿ ದೂರವಿತ್ತು.
ಸ್ಪ್ಯಾನರ್ ಕೈಯಲ್ಲಿ ಹಿಡಿದು
ಸುಮ್ಮನೆ ಮಲಗಿದ್ದೆ.
"ಒತ್ತಕ್ಕ" ಅಂದೆ.