ನಲವತ್ತೆರಡನೆಯ ಹಲ್ಲು

ಬೊಂಡನಿಗೆ ಕಾಗದದ ಮೇಲೆ ಬೇರೆ ಹೆಸರು,
ಒಂದೂವರೆ ಸಾಲು ಉದ್ದ, ಅಜ್ಜ ಮುತ್ತಜ್ಜರ ಸಮೇತ.
ಬೊಂಡ ಎಂದರೆ ಮಾತ್ರ ತಿರುಗಿ ನೋಡುತ್ತಾನೆ.
ಕರಿ ಡಾಬರ್‌ಮನ್, ಹುಬ್ಬಿನ ಮೇಲೆ ಕಂದು ಬೊಟ್ಟು,
ನಿಂತರೆ ಎಳೆದು ಕಟ್ಟಿದ ತಂತಿ.
ಬಾಯಿ ತೆರೆದರೆ
ಕೆಳಗೆ ಎಡಗಡೆ, ಕೋರೆಯಿಂದ ಹಿಂದೆ ಎರಡನೆಯದು
ಹುಟ್ಟಲೇ ಇಲ್ಲ.

ನಾನು ಹಲ್ಲು ಮಾಡುವವನು.
ಹಂಪನಕಟ್ಟೆಯಲ್ಲಿ, ಔಷಧದಂಗಡಿಯ ಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷದಿಂದ
ಡಾಕ್ಟರುಗಳು ಕಳಿಸಿದ ಅಚ್ಚಿನಲ್ಲಿ ಊರಿನ ನಗು ಎರೆಯುತ್ತೇನೆ.
ಮದುವೆಗೆ ಮುಂಚೆ ಬೇಕೆನ್ನುವವರು,
ದುಬೈ ವಿಮಾನಕ್ಕೆ ಮುಂಚೆ ಬೇಕೆನ್ನುವವರು.
ಉಳ್ಳಾಲದ ಒಬ್ಬ ಮುದುಕಿ ಹೇಳಿ ಕಳಿಸಿದ್ದಳು:
ಎಲೆಯಡಿಕೆಯ ಕಲೆಯೂ ಇರಲಿ ಮಗಾ,
ಇಲ್ಲದಿದ್ದರೆ ನನ್ನದೆಂದು ಯಾರು ನಂಬುತ್ತಾರೆ?

ಹಾಗಾಗಿ ಶನಿವಾರ ರಾತ್ರಿ ಕೈ ತಾನಾಗಿ ಮಾಡಿಬಿಟ್ಟಿತು:
ಹುಣಸೆಬೀಜದ ಅರ್ಧದಷ್ಟು,
ಬುಡದಲ್ಲಿ ತುಸು ಹಳದಿ, ತುದಿಯಲ್ಲಿ ತುಸು ಹಾಲು.
ಒಂದು ಹನಿ ಅಂಟು ಸಾಕು, ಅರ್ಧ ದಿನ ನಿಲ್ಲುತ್ತದೆ.
ವೆಲಿಟಾಗೆ ಹೇಳಲಿಲ್ಲ.

ವೆಲಿಟಾ ನನ್ನ ತಂಗಿಯ ಮಗಳು. ಮೂರು ತಿಂಗಳು
ಬಿಜೈಯ ಗಲ್ಲಿಯಲ್ಲಿ, ಮೀನಿನ ಸ್ಕೂಟರು ಹಾರ್ನ್ ಹೊಡೆಯುವ ಮೊದಲೇ,
ಕಿಸೆಯಲ್ಲಿ ಬೇಯಿಸಿದ ಲಿವರ್ ಇಟ್ಟುಕೊಂಡು
ಅವನಿಗೆ ನಿಲ್ಲುವುದನ್ನು ಕಲಿಸಿದಳು.
ನಿಲ್ಲುವುದನ್ನೂ ಕಲಿಸಬೇಕೆಂದು
ನನಗೆ ಗೊತ್ತಿರಲಿಲ್ಲ.

ಸೋಲಿಸಬೇಕಾದ್ದು ಪಕ್ಕದ ನಾಯಿಯನ್ನಲ್ಲ ಮಾಮಾ, ಎಂದಿದ್ದಳು.
ಪುಸ್ತಕದೊಳಗೆ ಒಂದು ನಾಯಿ ಇದೆಯಂತೆ,
ಉಣ್ಣಿ ಹತ್ತದ್ದು, ಪಟಾಕಿಗೆ ಮಂಚದಡಿ ನುಗ್ಗದ್ದು,
ಯಾರ ಚಪ್ಪಲಿಯನ್ನೂ ತಿನ್ನದ್ದು.
ಎಲ್ಲರನ್ನೂ ಅದರ ಪಕ್ಕ ನಿಲ್ಲಿಸಿ ಅಳೆಯುತ್ತಾರೆ.
ಅದು ಯಾವ ಷೋಗೂ ಬಂದದ್ದಿಲ್ಲ,
ಒಮ್ಮೆಯೂ ಸೋತದ್ದಿಲ್ಲ.

ಭಾನುವಾರ. ಮೈದಾನ. ಹತ್ತು ಗಂಟೆಗೇ ಸೆಕೆ.
ಕಾರಿನ ಹಿಂದೆ ನಾನು ಕೂತು ತುಟಿ ಎತ್ತಿದೆ;
ಅವನು ಬಾಯಿ ಅಗಲಿಸಿ ಕೊಟ್ಟ,
ಪೂರ್ತಿ, ಕಣ್ಣು ಮುಚ್ಚಿಕೊಂಡು.
ಅಂಟಿನ ಮುಚ್ಚಳ ಬಿಗಿದಿತ್ತು ಎಂದಿಟ್ಟುಕೊಳ್ಳಿ.

ಪುಣೆಯ ತೀರ್ಪುಗಾರ, ಈ ಸೆಕೆಯಲ್ಲೂ ಟೈ.
ಎಲ್ಲರನ್ನೂ ಒಂದು ಸುತ್ತು ಓಡಿಸಿದ. ಸಾಲಾಗಿ ನಿಲ್ಲಿಸಿದ.
ಮೊದಲು ಅಂಗೈ ಮೂಸಲು ಕೊಟ್ಟ, ಅದು ಪರಿಚಯ.
ಆಮೇಲೆ ಭುಜ, ಎದೆಯ ಆಳ, ಮೊಣಕಾಲಿನ ಕೋನ,
ಬೀಜ ಎರಡೂ ಇಳಿದಿವೆಯೇ ಎಂದು ಹಿಂದಿನಿಂದ ಮುಟ್ಟಿದ;
ಬೊಂಡ ಕದಲಲಿಲ್ಲ, ಹಗ್ಗದಾಚೆ ನಾನು ಕದಲಿದೆ.
ಹೋಗಿ ಬಾ ಎಂದ. ಹೋದ, ಬಂದ,
ಹಿಂಗಾಲು ಮುಂಗಾಲಿನ ಹೆಜ್ಜೆಯನ್ನೇ ತುಳಿಯುವಂತೆ,
ಯಾರೋ ನೆಲಕ್ಕೆ ಹೊಲಿಗೆ ಹಾಕಿದ ಹಾಗೆ.
ತೀರ್ಪುಗಾರನ ಮುಖದಲ್ಲಿ
ಏನೋ ಸಡಿಲವಾದದ್ದನ್ನು ನೋಡಿದೆ.

ಕೊನೆಗೆ ಹಲ್ಲು.
ಬಲ. ಮುಂದೆ. ಎಡ.
ಹೆಬ್ಬೆರಳು ಅಲ್ಲಿ ನಿಂತಿತು,
ಕತ್ತಲೆಯಲ್ಲಿ ಮೆಟ್ಟಿಲು ತಪ್ಪಿದ ಕಾಲಿನಂತೆ.
ನನ್ನ ಬೆರಳು ಕಿಸೆಯೊಳಗೆ ಅದೇ ಹೊತ್ತಿಗೆ
ಅದೇ ಹಲ್ಲನ್ನು ಮುಟ್ಟುತ್ತಿತ್ತು.

ಆರರಲ್ಲಿ ಐದನೆಯ ಸ್ಥಾನ. ರಿಬ್ಬನ್ ನಾಲ್ಕರವರೆಗೆ ಮಾತ್ರ.

ಊಟದ ಹೊತ್ತಿಗೆ ತೀರ್ಪುಗಾರ ನಮ್ಮ ಕಡೆ ಬಂದು
ಒಳ್ಳೆಯ ನಡಿಗೆ, ಪಾಪ, ಎಂದು ನಕ್ಕ.
ನಾನು ನೋಡದೆ ಇರಲಾರೆ, ಅದು ನನ್ನ ಕಸುಬು:
ಮೇಲಿನ ನಾಲ್ಕು ಪಿಂಗಾಣಿ.
ಕೆಲಸ ಚೆನ್ನಾಗಿದೆ, ಒಸಡಿನ ಗೆರೆ ಮಾತ್ರ ಸ್ವಲ್ಪ ಬಿಟ್ಟಿದೆ.
ಮನಸ್ಸಿನಲ್ಲೇ ಎರಡನೆಯ ಸ್ಥಾನ ಕೊಟ್ಟು
ಥ್ಯಾಂಕ್ಯೂ ಎಂದೆ.

ವೆಲಿಟಾ ಅಳುತ್ತಿರಲಿಲ್ಲ, ಶೂ ಬಿಚ್ಚುತ್ತಿದ್ದಳು.
ಉಳಿದ ಲಿವರನ್ನು ನನ್ನ ಅಂಗಿಯ ಕಿಸೆಗೇ ಸುರಿದಿದ್ದಳು.
ಬೊಂಡ ಮೂತಿ ತೂರಿಸಿದ.
ನನಗೆ ನೆನಪಾಗುವಷ್ಟರಲ್ಲಿ
ಕಟಕ್ ಎಂದಿತು.
ನಲವತ್ತೊಂದು ಸೇರಿ
ನಲವತ್ತೆರಡನೆಯದನ್ನು ಪುಡಿ ಮಾಡಿದವು.

ಏನದು, ಕಲ್ಲಾ? ಎಂದಳು ವೆಲಿಟಾ.
ಅವನು ತುಟಿ ನೆಕ್ಕಿ
ಇನ್ನೊಂದಿದೆಯೇ ಎಂದು ನನ್ನನ್ನು ನೋಡುತ್ತಿದ್ದ.